ಹದಿನಾಲ್ಕನೇ ಅಂಕಣದ ಫಲಾನುಭವಿ

ಸಂಶೋಧನಾ ಅನುದಾನ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಮೊನ್ನೆ ತಿರಸ್ಕರಿಸಿದ ಅರ್ಜಿಯಲ್ಲಿ ಸುಳ್ಳು ಸಹಿ ಹಾಕಿದವನು ನಾನೇ. ಅರ್ಜಿ ನನ್ನ ಅಣ್ಣನ ಮಗಳದು. ಸಹಿಯ ಗಂಧಗಾಳಿಯೂ ಅವಳಿಗೆ ಇರಲಿಲ್ಲ. ಶಿಕ್ಷೆ ಕೊಡುವುದಾದರೆ ನನಗೆ ಕೊಡಿ. ಆದರೆ ಕಟಕಟೆಯಲ್ಲಿ ನನ್ನ ಪಕ್ಕಕ್ಕೆ ನಿಮ್ಮ ಹದಿನಾಲ್ಕನೇ ಅಂಕಣವನ್ನೂ ನಿಲ್ಲಿಸಿ.

ನಾನು ದರ್ಜಿ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿ, ಒಂದು ವರ್ಷವೂ ಮೊದಲ ಎರಡು ಸ್ಥಾನಗಳಿಂದ ಕೆಳಗಿಳಿದವನಲ್ಲ. ತರಗತಿಯಲ್ಲಿ ಇದ್ದದ್ದೇ ಇಬ್ಬರು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಗಂಡಸರ ಗುಟ್ಟು ಹೆಂಡತಿಗಿಂತ ಮೊದಲು ದರ್ಜಿಗೆ ತಿಳಿಯುತ್ತದೆ. "ಜಿಪ್ಪು ಸ್ವಲ್ಪ ಬೇಗ ಇಳಿಯೋ ಹಾಗಿರ್ಲಿ" ಎಂದು ಪಿಸುಗುಟ್ಟಿದ ಎಷ್ಟೋ ಗಿರಾಕಿಗಳನ್ನು ಅಳತೆ ತೆಗೆಯುವ ಮೊದಲೇ ಡಾಕ್ಟರ ಹತ್ತಿರ ಅಟ್ಟಿದ್ದೇನೆ. ನನ್ನ ಸ್ವಂತ ಜಿಪ್ಪಿನ ವಿಷಯದಲ್ಲಿ ಮಾತ್ರ, ಗಳಿಗೆಗೊಮ್ಮೆ ಮೂತ್ರಕ್ಕೆ ಓಡುತ್ತಿದ್ದರೂ ಚಹಾ ಜಾಸ್ತಿಯಾಯಿತು ಎಂದುಕೊಂಡು ಎರಡು ವರ್ಷ ಕೂತೆ. ಪ್ರಾಸ್ಟೇಟ್ ಕ್ಯಾನ್ಸರು. ಸದ್ಯಕ್ಕೆ ಅದು ಔಷಧಿಯ ಮಾತು ಕೇಳುತ್ತಿದೆ. ಮುಂದೊಂದು ದಿನ ಕೇಳದೆ ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಹಾಗೆ ಮಾತು ಕೇಳದ ಕ್ಯಾನ್ಸರನ್ನು ಬಗ್ಗಿಸಲು ಹೊಸ ದಾರಿ ಹುಡುಕುವುದೇ ನನ್ನ ಅಣ್ಣನ ಮಗಳ ಕೆಲಸ. ಇನ್ನೂ ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸುವ ಹಂತ. ಅನುದಾನ ಬರದಿದ್ದರೆ ಈ ತಿಂಗಳ ಕೊನೆಗೆ ಆ ತಟ್ಟೆಗಳನ್ನೂ ತೊಳೆದಿಡಬೇಕು. ನನ್ನ ಕತ್ತರಿ ಹಾಕುವ ಮೇಜಿನ ಮೇಲೆಯೇ ಹದಿಮೂರು ಅಂಕಣ ಅಚ್ಚುಕಟ್ಟಾಗಿ ತುಂಬಿದಳು. ಹದಿನಾಲ್ಕನೆಯದು: 'ಸದರಿ ಚಿಕಿತ್ಸೆಯಿಂದ ಗುಣಮುಖರಾದ ಇಬ್ಬರು ಫಲಾನುಭವಿಗಳ ಸಹಿ.' ನಿಮ್ಮ ಗುಮಾಸ್ತರಿಗೆ ಫೋನು ಮಾಡಿದಳು.

"ಸಾರ್, ಚಿಕಿತ್ಸೆ ಇನ್ನೂ ಹುಟ್ಟೇ ಇಲ್ಲ. ಅದನ್ನ ಹುಡುಕೋಕೇ ಅನುದಾನ ಕೇಳ್ತಿರೋದು."

"ಅದೆಲ್ಲ ಸರಿ ಕಣಮ್ಮ. ಖಾಲಿ ಬಿಟ್ರೆ ಅರ್ಜಿ ಮೇಲಕ್ಕೆ ಹೋಗಲ್ಲ."

ಅವಳು ಖಾಲಿಯೇ ಬಿಟ್ಟು, ತಲುಪಿಸಲು ನನ್ನ ಕೈಗೆ ಕೊಟ್ಟಳು. ದಾರಿಯಲ್ಲಿ ನನ್ನ ಬುದ್ಧಿ ಚುರುಕಾಯಿತು. ಮೊದಲ ಸಹಿ ನಾನು ಹಾಕಿದೆ. ಎರಡನೆಯದಕ್ಕೆ ಗಡಿಯಾರ ರಿಪೇರಿಯ ಗೆಳೆಯನನ್ನು ಹಿಡಿದೆ.

"ನಂಗೆ ಆ ಕಾಯಿಲೆನೇ ಇಲ್ವಲ್ಲೋ."

"ಅಂದ್ರೆ ನಿಂಗೆ ಪೂರ್ತಿ ಗುಣ ಆಗಿದೆ ಅಂತ. ಹಾಕು."

ಮೂರು ತಿಂಗಳು ಪರಿಶೀಲಿಸಿ ನೀವು ಬರೆದಿರಿ: 'ಅಸ್ತಿತ್ವದಲ್ಲಿಲ್ಲದ ಚಿಕಿತ್ಸೆಯಿಂದ ಗುಣಮುಖರಾಗಿರುವುದು ಸಂಶಯಾಸ್ಪದ.' ಭಲೇ. ಚಿಕಿತ್ಸೆ ಇನ್ನೂ ಇಲ್ಲವೆಂದು ನಿಮಗೂ ಗೊತ್ತಿದ್ದ ಮೇಲೆ, ಸ್ವಾಮಿ, ಯಾರ ಸಹಿಗಾಗಿ ಕಾದಿದ್ದಿರಿ? ಕೋಟು ಹೊಲಿಯುವಾಗ ನಾವು ಮೊದಲು ಕಚ್ಚಾ ಹೊಲಿಗೆ ಹಾಕುತ್ತೇವೆ. ಆಮೇಲೆ ಬಿಚ್ಚುವುದಕ್ಕೆಂದೇ ಹಾಕುವ ಹೊಲಿಗೆ ಅದು. ಹತ್ತು ಬಿಚ್ಚಿದ ಮೇಲೆ ಒಂದು ಭುಜ ಸರಿಯಾಗಿ ಕೂರುತ್ತದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಕೋಟು ತೊಟ್ಟವರ ಫೋಟೋ ಕೇಳುವ ಗಿರಾಕಿಯನ್ನು ನಾನಾದರೆ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ನೀವು ಅವನನ್ನೇ ಕರೆದು ಕುರ್ಚಿ ಕೊಟ್ಟಿದ್ದೀರಿ.

ನಿಮ್ಮ ಪತ್ರ ಬಂದ ದಿನ ಅಣ್ಣನ ಮಗಳು ನನ್ನ ಮುಂದೆ ಬಂದು ನಿಂತಳು. "ನಿಮಗೆ ಸಹಿ ಹಾಕಿ ಅಂತ ಯಾರು ಹೇಳಿದ್ದು, ಚಿಕ್ಕಪ್ಪ?"

"ನಿನ್ನ ಫಾರಮ್ಮೇ ಕೇಳ್ತಲ್ಲಮ್ಮ."

ಅವಳು ನಗಲಿಲ್ಲ. "ಇವತ್ತು ದಾರಿ ಸಿಕ್ಕಿದ್ರೂ ಅದು ಔಷಧಿ ಆಗೋಕೆ ಹತ್ತು ಹದಿನೈದು ವರ್ಷ ಬೇಕು. ನಿಮಗೆ..." ಎಂದು ಅಲ್ಲಿಗೇ ನಿಲ್ಲಿಸಿ ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದಳು. ನನಗೆ ಎಪ್ಪತ್ತೊಂದು. ಕೂಡುವ ಲೆಕ್ಕ ನನಗೂ ಬರುತ್ತದೆ. ಅವಳು ಹುಡುಕುತ್ತಿರುವುದು ನನ್ನ ಅಳತೆಯದಲ್ಲ ಎಂಬುದು ಸಹಿ ಹಾಕುವಾಗಲೂ ತಿಳಿದಿತ್ತು. ದರ್ಜಿ ಜೀವಮಾನದಲ್ಲಿ ತನಗೆಂದು ಹೊಲಿದುಕೊಳ್ಳುವ ಬಟ್ಟೆಯಾದರೂ ಎಷ್ಟು?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನನ್ನ ಸಹಿಗೆ ಅಡ್ಡಗೆರೆ ಎಳೆಯಿರಿ. ಅದೇ ಪೆನ್ನಿನಿಂದ ಹದಿನಾಲ್ಕನೇ ಅಂಕಣಕ್ಕೂ ಎಳೆಯಿರಿ. ಆಮೇಲೆ ಉಳಿದ ಹದಿಮೂರನ್ನು ಓದಿ. ಇಷ್ಟು ದಿನ ಅವನ್ನು ಯಾರೂ ಓದಿಲ್ಲ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ ಇದೆ.

ಇಂತಿ,
ನಿಮ್ಮ ಕಡತದಲ್ಲಿ ಪೂರ್ತಿ ಗುಣವಾಗಿ, ಆಸ್ಪತ್ರೆಯ ಚೀಟಿಯಲ್ಲಿ ಇನ್ನೂ ಆಗದೆ ಉಳಿದಿರುವ
ದರ್ಜಿ ಚಿಕ್ಕಪ್ಪ