ಹತ್ತಕ್ಕೆ ಎರಡು

ನವೆಂಬರ್ ೩, ಭಾನುವಾರ. ನನ್ನ ಔಷಧಿ ಅಂಗಡಿಯ ಹಿಂದಿನ ಕೋಣೆ. ಮುಂದಿನ ಷಟರ್ ಎಳೆದಿದೆ. ಮೇಜಿನ ಮೇಲೆ ನಿಮ್ಮ ಕಚೇರಿಯಿಂದ ಬಂದ ಎರಡು ಕಾಗದ: ಒಂದರಲ್ಲಿ ನನಗೆ ಕೃತಜ್ಞತೆ, ಇನ್ನೊಂದರಲ್ಲಿ ಒಬ್ಬ ಹೆಂಗಸಿನ ಅಮಾನತು.

ಪರ್ವತ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ.

ಮಾನ್ಯರೇ,

ಸುಳ್ಳು ಹೇಳಿದ್ದು ನಾನು. ನೀವು ಬ್ಯಾಡ್ಜ್ ಕಿತ್ತುಕೊಂಡದ್ದು ನಮ್ಮ ಮಾರ್ಗದರ್ಶಿಯಿಂದ. ನಿಮ್ಮ ಮೇಲೆ ನನ್ನ ದೂರು ಇಷ್ಟೇ. ನನ್ನ ಮೇಲೆ ನನಗಿರುವ ದೂರು ಇದಕ್ಕಿಂತ ದೊಡ್ಡದು. ಅದನ್ನು ಯಾವ ಕಚೇರಿಗೆ ಸಲ್ಲಿಸಬೇಕೆಂದು ತಿಳಿಯದ್ದರಿಂದ ಎರಡನ್ನೂ ಒಂದೇ ಕಾಗದದಲ್ಲಿ ಬರೆಯುತ್ತಿದ್ದೇನೆ.

ಇದನ್ನು ಪತ್ರಿಕೆಗೆ ಕೊಡುವ ಮೊದಲು ನಿಮಗೆ ಎರಡು ಸಲ ಖಾಸಗಿಯಾಗಿ ಬರೆದಿದ್ದೆ. ಎರಡು ಸಲವೂ ಒಂದೇ ಸಾಲಿನ ಉತ್ತರ ಬಂತು: "ಸದಸ್ಯರು ಒಮ್ಮೆ ಸಲ್ಲಿಸಿದ ಅಭಿಪ್ರಾಯ ನಮೂನೆಯನ್ನು ತಿದ್ದಲು ಅವಕಾಶವಿರುವುದಿಲ್ಲ." ನನ್ನ ನಮೂನೆಯಲ್ಲಿ ತಿದ್ದುವಂಥದ್ದು ಏನೂ ಇಲ್ಲ, ಸ್ವಾಮಿ. ಅದರಲ್ಲಿರುವುದೆಲ್ಲ ಅಕ್ಷರಶಃ ನಿಜ. ತೊಂದರೆ ಇರುವುದೇ ಅಲ್ಲಿ.

ಜೂನ್ ತಿಂಗಳಲ್ಲಿ ನಾನೂ ನನ್ನ ತಮ್ಮನೂ ನಿಮ್ಮ ಪರ್ವತಕ್ಕೆ ಬಂದಿದ್ದೆವು. ಏಳು ದಿನದ ಚಾರಣ, ಆರನೆಯ ದಿನ ಶಿಖರ. ತಮ್ಮನದು ಕನ್ನಡಕದ ಅಂಗಡಿ. ನನಗೆ ಐವತ್ತು ತುಂಬಿದ ನೆಪದಲ್ಲಿ ಈ ಪ್ರವಾಸ ಗೊತ್ತು ಮಾಡಿದವನು ಅವನೇ. "ಇಪ್ಪತ್ತೈದು ವರ್ಷ ಕೌಂಟರ್ ಹಿಂದೆ ನಿಂತಿದೀಯಲ್ಲ ಅಕ್ಕಾ, ಒಂದ್ಸಲ ಕೌಂಟರ್‌ಗಿಂತ ಎತ್ತರದ ಜಾಗ ನೋಡು ಬಾ" ಎಂದು ಎಳೆದುಕೊಂಡು ಹೊರಟ. ನಿಮ್ಮ ಕಚೇರಿ ನಮಗೆ ಕೊಟ್ಟ ಮಾರ್ಗದರ್ಶಿ ನಲವತ್ತು ದಾಟಿದ, ಗಿಡ್ಡ ಮೈಕಟ್ಟಿನ ಹೆಂಗಸು. ಹೆಜ್ಜೆಗೊಮ್ಮೆ "ನಿಧಾನ, ನಿಧಾನ" ಎನ್ನುತ್ತಿದ್ದುದರಿಂದ ಹೊರೆಯಾಳುಗಳಿಂದ ಹಿಡಿದು ಅಡುಗೆಯವರವರೆಗೆ ಎಲ್ಲರ ಬಾಯಲ್ಲೂ ಅವರು ನಿಧಾನಕ್ಕ. ಮೊದಲ ದಿನ ನನ್ನ ತಮ್ಮ ಉತ್ಸಾಹದಲ್ಲಿ ಮುಂದೆ ಓಡಿದಾಗ ಅವನನ್ನು ಅಲ್ಲೇ ನಿಲ್ಲಿಸಿದರು. "ಏನಪ್ಪಾ, ಶಿಖರಕ್ಕೇನು ಕಾಲು ಬಂದಿದ್ಯಾ? ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ, ಅಲ್ಲೇ ಕೂತಿದೆ. ನೀನು ಹೋಗೋವರೆಗೂ ಕಾಯತ್ತೆ."

ದಿನಾ ಸಂಜೆ ತಂಗುಮನೆಯ ಊಟದ ಕೋಣೆಯಲ್ಲಿ ಚಹಾ ಬಂದ ಮೇಲೆ ಅವರು ಪ್ಲಾಸ್ಟಿಕ್ ಹೊದಿಕೆಯ ಒಂದು ಪುಸ್ತಕ ತೆಗೆಯುತ್ತಿದ್ದರು. "ಹೇಳಿ, ತಲೆನೋವು ಹತ್ತಕ್ಕೆ ಎಷ್ಟು?" ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಾಳಲಾರದ್ದು. ಹೇಳಿದ ಸಂಖ್ಯೆಯನ್ನು ಬರೆದುಕೊಂಡು ಪಕ್ಕದಲ್ಲಿ ನಮ್ಮ ಸಹಿ ಹಾಕಿಸುತ್ತಿದ್ದರು. ಇದು ನಿಮ್ಮ ಕಚೇರಿಯದೇ ನಿಯಮ, ಒಳ್ಳೆಯ ನಿಯಮ. ನಾಲ್ಕು ದಾಟಿದವರು ಮೇಲೆ ಹೋಗುವಂತಿಲ್ಲ. ಮೂರೋ ನಾಲ್ಕೋ ಇದ್ದರೆ ಕೊನೆಯ ತಂಗುಮನೆಯಲ್ಲಿರುವ ಒಂದೇ ಒಂದು ಆಮ್ಲಜನಕದ ಸಿಲಿಂಡರನ್ನು ಜೊತೆಗೆ ಒಯ್ಯಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅದು ಇತರರಿಗಾಗಿ ಅಲ್ಲೇ ಇರಬೇಕು.

ಐದನೆಯ ಸಂಜೆ ನನ್ನ ತಲೆನೋವು ಆರು.

ಆ ಹೊತ್ತಿಗೆ ನಾನು ಊಟದ ಕೋಣೆಗೆಲ್ಲ ದೊಡ್ಡ ಮನುಷ್ಯಳಾಗಿದ್ದೆ. ಬೇರೆ ತಂಡದವರು ಬಂದು ಯಾವ ಮಾತ್ರೆ ಯಾವಾಗ ಎಂದು ಕೇಳುತ್ತಿದ್ದರು. ಯಾರೋ "ಡಾಕ್ಟ್ರಕ್ಕ" ಎಂದರು. ಬಿಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೂ ಹರಿದು ಹೊಸದು ಬರೆಯುವವಳು ಆ ಮಾತನ್ನು ಮಾತ್ರ ತಿದ್ದಲಿಲ್ಲ. ಎತ್ತರಕ್ಕೆ ಹೋದಾಗ ತಲೆನೋವನ್ನು ಮಾತ್ರೆಯಿಂದ ಮುಚ್ಚಿಡಬಾರದು, ಅದು ಮೈ ಕೊಡುವ ಎಚ್ಚರಿಕೆ ಎಂದು ಆ ಮಧ್ಯಾಹ್ನವೇ ಇಬ್ಬರಿಗೆ ಉಪದೇಶ ಮಾಡಿದ್ದೆ. ಆಮೇಲೆ ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಎರಡು ನೋವಿನ ಮಾತ್ರೆ ನುಂಗಿದೆ. ಹೊರಗೆ ಬಂದಾಗ ಚಹಾ ಬಂದಿತ್ತು, ಪುಸ್ತಕವೂ ತೆರೆದಿತ್ತು.

"ಅಕ್ಕಾ, ಹತ್ತಕ್ಕೆ ಎಷ್ಟು?"

"ಎರಡು."

ನಿಧಾನಕ್ಕ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. "ಎರಡಾ? ಕಣ್ಣು ನೋಡಿದ್ರೆ ಹಾಗನ್ಸಲ್ವಲ್ಲ."

"ನಮ್ಮಕ್ಕ ಸಕ್ಕರೆ ಸಾಲಲ್ಲ ಅನ್ನೋದನ್ನೂ ತೂಕ ಹಾಕಿ ಹೇಳೋಳು" ಎಂದ ತಮ್ಮ. "ಅವಳು ಎರಡು ಅಂದ್ರೆ ಎರಡೇ."

ಎಲ್ಲರೂ ನಕ್ಕರು. ನಾನು ಸಹಿ ಹಾಕಿದೆ.

ಮರುದಿನ ಬೆಳಗ್ಗೆ ಒಂಬತ್ತು ಗಂಟೆಗೆ ಶಿಖರದ ಮೇಲೆ ನಿಂತು ಫೋಟೊ ತೆಗೆಸಿಕೊಂಡೆವು. ಅಲ್ಲಿಂದ ಏನು ಕಂಡಿತೆಂದು ಯಾರಾದರೂ ಕೇಳಿದರೆ ವರ್ಣಿಸುತ್ತೇನೆ. ವರ್ಣಿಸುವುದೆಲ್ಲ ತಮ್ಮ ಹೇಳಿದ್ದು. ನನಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಇಳಿಯುತ್ತ ಮುಕ್ಕಾಲು ದಾರಿ ಬಂದಾಗ ಮಂಜು ಮುಸುಕಿತು. ಸಡಿಲ ಕಲ್ಲುಗಳ ಮೇಲೆ ನನ್ನ ಕಾಲು ನಾನು ಹೇಳಿದ ಕಡೆ ಹೋಗದಾಯಿತು. ಕುಸಿದು ಕೂತೆ. ನಿಧಾನಕ್ಕ ನನ್ನ ಎರಡೂ ಕೆನ್ನೆ ಹಿಡಿದು ಮುಖ ಎತ್ತಿದರು.

"ನನ್ನ ಕಡೆ ನೋಡಿ ಅಕ್ಕಾ. ಈಗ ಎಷ್ಟು?"

"ಒಂಬತ್ತು."

"ನಿನ್ನೆ?"

"ಆರು."

ಅವರು ಬೈಯಲಿಲ್ಲ. ಬೈದಿದ್ದರೆ ಇವತ್ತು ಈ ಕಾಗದ ಬರೆಯುವುದು ಸ್ವಲ್ಪ ಸುಲಭವಾಗುತ್ತಿತ್ತು. ತಾವು ತೊಟ್ಟಿದ್ದ ಕೋಟು ಬಿಚ್ಚಿ ನನಗೆ ಸುತ್ತಿದರು. ನನ್ನ ತಮ್ಮನನ್ನು ನನ್ನ ಬೆನ್ನಿಗೆ ಒರಗಿಸಿ ಕೂರಿಸಿ, "ನೀನಿಲ್ಲಿಂದ ಏಳ್ಬೇಡ. ದೇವರೇ ಬಂದು ಕರೆದ್ರೂ ಏಳ್ಬೇಡ. ಇವರನ್ನ ಮಾತಾಡಿಸ್ತಾ ಇರು" ಎಂದರು. ಅಲ್ಲಿ ಫೋನ್ ಸಿಗುವುದಿಲ್ಲ. ಆ ಮಂಜಿನಲ್ಲಿ ದಾರಿ ಬಲ್ಲವರು ಅವರೊಬ್ಬರೇ. ಹತ್ತೊಂಬತ್ತು ವರ್ಷ ನಿಧಾನ ನಿಧಾನ ಎಂದವರು ಆ ಕಲ್ಲಿನ ಇಳಿಜಾರಿನಲ್ಲಿ ಓಡಿದರು. ನಮಗೆ ಹತ್ತಲು ಒಂದೂವರೆ ಗಂಟೆ ಹಿಡಿದಿದ್ದ ದಾರಿಯನ್ನು ಕೊನೆಯ ತಂಗುಮನೆಯವರೆಗೆ ಇಳಿದು, ಸಿಲಿಂಡರನ್ನು ಬೆನ್ನಿಗೆ ಕಟ್ಟಿ, ಹೊರೆಯಾಳೊಬ್ಬನನ್ನು ಎಬ್ಬಿಸಿಕೊಂಡು ಮತ್ತೆ ಹತ್ತಿ ಬಂದರು. ನನ್ನ ತಮ್ಮ ಗಡಿಯಾರ ನೋಡಿಕೊಂಡಿದ್ದ. ನಲವತ್ತು ನಿಮಿಷ.

ಮರುದಿನ ಸಂಜೆ ನಿಮ್ಮ ಗೇಟಿನ ಕೌಂಟರಿನಲ್ಲಿ ಕೂತಾಗ ನನ್ನ ತಲೆ ತಿಳಿಯಾಗಿತ್ತು. ಅಭಿಪ್ರಾಯ ನಮೂನೆಯಲ್ಲಿ ಹದಿನಾಲ್ಕು ಪ್ರಶ್ನೆ. ಬಿಸಿನೀರು ಸಿಕ್ಕಿತೇ? ಸಿಬ್ಬಂದಿ ನಗುಮುಖದಿಂದಿದ್ದರೇ? ಒಂಬತ್ತನೆಯದು: ಶಿಖರದ ದಿನ ಮಾರ್ಗದರ್ಶಿ ಯಾವುದೇ ಸಮಯದಲ್ಲಿ ಸದಸ್ಯರ ಕಣ್ಣಿಗೆ ಮರೆಯಾದರೇ? ಹೌದಾದರೆ ಎಷ್ಟು ನಿಮಿಷ?

ಗುಮಾಸ್ತ ಬೀಗದ ಕೈ ಹಿಡಿದು ನಿಂತಿದ್ದ. "ಸುಮ್ನೆ ಇಲ್ಲ ಇಲ್ಲ ಅಂತ ಟಿಕ್ ಹಾಕಿ ಮೇಡಂ. ಎಲ್ಲರೂ ಹಾಗೇ ಮಾಡೋದು."

"ನಾನು ಓದದೆ ಟಿಕ್ ಹಾಕುವವಳಲ್ಲ" ಎಂದೆ. ಎಷ್ಟು ಜಂಬದಿಂದ ಎಂದೆ! ಹೌದು ಎಂದು ಗುರುತು ಹಾಕಿ, ೪೦ ಎಂದು ಬರೆದೆ. ಕಾರಣ ಬರೆಯಲು ಜಾಗ ಹುಡುಕಿದೆ, ಇರಲಿಲ್ಲ. ಹಿಂಬದಿ ಖಾಲಿಯಿತ್ತು, ಅಲ್ಲಿ ಬರೆಯಬಹುದಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ನನ್ನ ಅಭ್ಯಾಸ. ಇನ್ನೂ ನಿಜ ಹೇಳಬೇಕೆಂದರೆ, ಕಾರಣ ಬರೆದರೆ ಎರಡು ಎಂಬ ಆ ಸಂಖ್ಯೆಯನ್ನೂ ಬರೆಯಬೇಕಿತ್ತು. ಗಾಜಿನಾಚೆ ನಿಧಾನಕ್ಕ ನನ್ನ ಚೀಲದ ಹರಿದ ಪಟ್ಟಿಗೆ ಗಂಟು ಹಾಕುತ್ತಿದ್ದರು.

ಮೂರು ತಿಂಗಳಾದ ಮೇಲೆ ನಿಮ್ಮ ಕೃತಜ್ಞತೆ ಬಂತು. "ತಮ್ಮ ನಿಖರ ಅಭಿಪ್ರಾಯದಿಂದ ಸುರಕ್ಷತಾ ಲೋಪವೊಂದು ಪತ್ತೆಯಾಗಿದ್ದು, ಸದರಿ ಮಾರ್ಗದರ್ಶಿಯ ಬ್ಯಾಡ್ಜನ್ನು ಎರಡು ಋತುಗಳ ಕಾಲ ಅಮಾನತಿನಲ್ಲಿಡಲಾಗಿದೆ." ಲಗತ್ತಿಸಿದ ಆದೇಶವನ್ನು ಏಳೆಂಟು ಸಲ ಓದಿದ್ದೇನೆ. ತುರ್ತು ಸಂದರ್ಭವಿತ್ತು ಎಂದು ಮಾರ್ಗದರ್ಶಿ ಹೇಳಿದರಂತೆ. ನೀವು ಅವರ ಪುಸ್ತಕ ತರಿಸಿ ನೋಡಿದಿರಿ. ಹಿಂದಿನ ಸಂಜೆ ಸದಸ್ಯೆಯ ತಲೆನೋವು ಎರಡು, ಸದಸ್ಯೆಯದೇ ಸಹಿ. ಆದ್ದರಿಂದ ತುರ್ತಿನ ಮಾತು ನಂಬಲರ್ಹವಲ್ಲ ಎಂದು ತೀರ್ಮಾನಿಸಿದಿರಿ. ನನ್ನ ಸುಳ್ಳನ್ನು ಅವರು ನಂಬಿ ಬರೆದುಕೊಂಡರು, ನೀವು ಅದನ್ನೇ ಅವರ ವಿರುದ್ಧ ಸಾಕ್ಷಿ ಮಾಡಿದಿರಿ. ನನ್ನ ಸುಳ್ಳೂ ನನ್ನ ನಿಜವೂ ಬೇರೆ ಎಲ್ಲಿಯೂ ಇಷ್ಟು ಒಗ್ಗಟ್ಟಿನಿಂದ ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

ಒಂದು ಮಾತು ಕೇಳಲೇ? ಆ ಮಂಜಿನಲ್ಲಿ ನನ್ನ ಬೂಟುಗಳೂ ನನ್ನ ಕಣ್ಣಿಗೆ ಮರೆಯಾಗಿದ್ದವು. ಅವುಗಳ ಮೇಲೂ ಕ್ರಮ ಉಂಟೇ? ಮಾರ್ಗದರ್ಶಿ ಕಣ್ಣೆದುರೇ ಕೂತು, ಸದಸ್ಯೆ ಕಣ್ಣೆದುರೇ ಸತ್ತಿದ್ದರೆ ಒಂಬತ್ತನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾಗುತ್ತಿತ್ತು. ಅದನ್ನು ಯಾರು ಬಂದು ಬರೆಯುತ್ತಿದ್ದರು? ಇಷ್ಟು ದೊಡ್ಡ ಕಚೇರಿಯಲ್ಲಿ ನನಗೊಂದು ಫೋನ್ ಮಾಡಿ "ಯಾಕೆ ಹೋದರು?" ಎಂದು ಕೇಳಲು ಒಬ್ಬರಿಗೂ ತೋಚಲಿಲ್ಲವೇ? ಬೈಯುತ್ತಿದ್ದೇನೆ ಎಂದು ತಿಳಿಯಬೇಡಿ. ತೋಚಿಯೂ ಬರೆಯದವಳು ತೋಚದವರನ್ನು ಬೈಯುವ ಹಕ್ಕು ಪಡೆದಿಲ್ಲ.

ಆದೇಶ ಓದಿ ನನ್ನ ತಮ್ಮ ನಿಧಾನಕ್ಕನಿಗೆ ಫೋನ್ ಮಾಡಿದ. ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

"ಈಗ ಬೆಟ್ಟ ಹತ್ತಲ್ಲಪ್ಪಾ, ಕೆಳಗೆ ಲಾಡ್ಜಲ್ಲಿ ಬೆಡ್‌ಶೀಟ್ ಒಗೀತೀನಿ" ಎಂದರು ನಿಧಾನಕ್ಕ. "ಮಡಚಿ ಪೇರಿಸಿದ್ರೆ ಅದೂ ಶಿಖರದ ಥರಾನೇ ಕಾಣತ್ತೆ, ಬಿಳೀಗೆ."

"ಅಕ್ಕ ಸುಳ್ಳು ಹೇಳಿದ್ದು ನಿಮಗೆ ಗೊತ್ತಿತ್ತಲ್ಲ. ವಿಚಾರಣೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಅವರು ಸಹಿ ಹಾಕಿದಾರೆ. ಸಹಿ ಹಾಕಿದವರನ್ನ ಸುಳ್ಳುಗಾತಿ ಅಂದ್ರೆ ನನ್ನ ಮಾತು ಯಾರು ಕೇಳ್ತಾರೆ? ಹೋಗ್ಲಿ ಬಿಡು. ನವೆಂಬರ್ ಹದಿನಾಲ್ಕಕ್ಕೆ ಇನ್ನೊಂದು ವಿಚಾರಣೆ ಇದೆ, ನೋಡೋಣ." ಆಮೇಲೆ ಕೇಳಿದರು: "ಅಕ್ಕ ಹೇಗಿದಾರೆ? ತಲೆನೋವು ಈಗ ಎಷ್ಟು?"

ತಮ್ಮ ಫೋನನ್ನು ನನ್ನ ಕಡೆ ಚಾಚಿದ. ನಾನು ಕೈ ಆಡಿಸಿ ಬೇಡವೆಂದೆ.

ನನ್ನ ಬೇಡಿಕೆ ಇದು. ಆ ಅಮಾನತನ್ನು ರದ್ದುಪಡಿಸಿ ಬ್ಯಾಡ್ಜ್ ಹಿಂದಿರುಗಿಸಿ. ಐದನೆಯ ಸಂಜೆಯ ಆ ಸಂಖ್ಯೆ ಸದಸ್ಯೆಯ ಸುಳ್ಳು ಎಂದು ನನ್ನ ಹೆಸರಿನಲ್ಲೇ ದಾಖಲಿಸಿ. ಒಂಬತ್ತನೆಯ ಪ್ರಶ್ನೆಯ ಕೆಳಗೆ "ಯಾಕೆ?" ಎಂದು ಸೇರಿಸಿ, ಎರಡು ಗೆರೆ ಜಾಗ ಬಿಡಿ. ಎರಡು ಗೆರೆ ಸಾಕು. ಶಿಖರ ಮುಟ್ಟಿದ್ದಕ್ಕೆ ನೀವು ಕೊಟ್ಟ ನನ್ನ ಶಿಖರಪತ್ರವನ್ನು ವಾಪಸು ತೆಗೆದುಕೊಳ್ಳಿ.

ಆ ಶಿಖರಪತ್ರ ನಾನು ಬರೆಯುತ್ತಿರುವ ಈ ಗೋಡೆಯ ಆಚೆ, ಕೌಂಟರಿನ ಮೇಲೆ ತೂಗುತ್ತಿದೆ. ಮಾತ್ರೆಗೆ ಬಂದವರು ನೋಡಿ "ನೀವಾ ಹತ್ತಿದ್ದು!" ಎನ್ನುತ್ತಾರೆ. ಇಷ್ಟು ದಿನ ನಗುತ್ತಿದ್ದೆ. ಹದಿನಾಲ್ಕನೆಯ ತಾರೀಕು ಅದನ್ನು ತೆಗೆದುಕೊಂಡು ವಿಚಾರಣೆಗೆ ಬರುವುದೆಂದು, ಅದಕ್ಕೆ ಒಂದು ದಿನ ಮೊದಲೇ ಆ ಲಾಡ್ಜಿನ ಒಗೆಯುವ ಕೋಣೆಗೆ ಹೋಗಿ, ಫೋನಿನಲ್ಲಿ ಕೊಡದ ಉತ್ತರವನ್ನು ನಿಧಾನಕ್ಕನಿಗೆ ಎದುರು ನಿಂತು ಕೊಡುವುದೆಂದು ತೀರ್ಮಾನಿಸಿದ್ದೇನೆ. ತಮ್ಮನಿಗೆ ಇನ್ನೂ ಹೇಳಿಲ್ಲ. ಶಿಖರಪತ್ರವನ್ನು ಮೊಳೆಯಿಂದ ಇನ್ನೂ ಇಳಿಸಿಲ್ಲ.

ಇಂತಿ,
ಆರನ್ನು ಎರಡು ಎಂದು ಸಹಿ ಹಾಕಿದ
ನಿಮ್ಮ ನಿಖರ ಸದಸ್ಯೆ