ಕೊನೆಯ ಅಂಕದ ಹಾಡು

ಬಸವಾಪಟ್ಟಣ,
ತಾ. 19-3-1979, ಸೋಮವಾರ

ಜಗಳೂರಿನ ಅಕ್ಕನ ಮನೆಯಲ್ಲಿ ಮುನಿಸಿಕೊಂಡು ಕುಳಿತಿರುವ ನನ್ನ ಯಜಮಾನರಿಗೆ ರುದ್ರಾಣಿಯ ಶರಣು.

ಗಂಡನಿಗೆ ಬರೆಯುವ ಕಾಗದದಲ್ಲಿ ಪಾದ, ಕಮಲ, ಸಾಷ್ಟಾಂಗ ಎಲ್ಲ ಬರಬೇಕೆಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಈ ಸಲ ಅವು ಯಾವುವೂ ಇಲ್ಲ. ನೀವು ಹೋಗಿ ಎರಡು ತಿಂಗಳಾಯಿತು. ನಾನು ಬರೆದ ಯಾವ ಕಾಗದಕ್ಕೂ ಉತ್ತರವಿಲ್ಲ. ಬಸ್ಸಿನ ಕಂಡಕ್ಟರ್ ಧರ್ಮಪ್ಪನ ಕೈಯಲ್ಲಿ ಹಾಳೆಗಳ ಸುರುಳಿಯೊಂದು ಬಂತು, ನೋಡಿದರೆ ಅದರ ಮೇಲೂ ನಿಮ್ಮ ಶಿಷ್ಯ ಪಾಪಣ್ಣನ ಹೆಸರು. ಹೆಂಡತಿ ಎನ್ನುವವಳು ಒಬ್ಬಳಿದ್ದಾಳೆ ಎನ್ನುವುದು ಮರೆತೇಹೋಯಿತೇ? ನನಗೆ ಸಿಟ್ಟು ಬಂದಿದೆ. ಬಂದಿದೆ ಎಂದು ಬರೆದ ಮೇಲೆ ಸ್ವಲ್ಪ ಹಗುರವಾಯಿತು, ಇನ್ನು ಮುಂದಿನದನ್ನು ಬರೆಯುತ್ತೇನೆ.

ಬಲಗೈ ಹೇಗಿದೆ? ಬೆರಳು ಮಡಚಲು ಬರುತ್ತದೆಯೇ? ಅಕ್ಕ ಅನ್ನಪೂರ್ಣಮ್ಮನವರು ಹೊತ್ತುಹೊತ್ತಿಗೆ ಎಣ್ಣೆ ಹಚ್ಚಿ ನೀವುತ್ತಾರೆ ಎಂದು ಧರ್ಮಪ್ಪ ಹೇಳಿದ. ಅವರಿಗೆ ಪುಣ್ಯ ಬರಲಿ. ಆದರೆ ಆ ಕೆಲಸ ನನ್ನದಾಗಿತ್ತು. ತಾಲೀಮಿನಲ್ಲಿ ಲಕ್ವ ಹೊಡೆದು ಕೈ ಜೋತುಬಿದ್ದ ದಿನ ನಾನು ತುತ್ತು ಮಾಡಿ ಬಾಯಿಗಿಡಲು ಬಂದರೆ ತಟ್ಟೆ ತಳ್ಳಿದಿರಿ. "ಕೈ ಇಲ್ದ ಮಾಸ್ತರನ್ನ ಕಟ್ಕಂಡು ಏನ್ ಮಾಡ್ತೀಯೆ? ನನ್ ಹಾರ್ಮೋನಿಯಂ ಮಾತ್ರ ಮುಟ್ಟಬ್ಯಾಡ, ಹೇಳಿದೀನಿ" ಎಂದಿರಿ. ಅಕ್ಕ ನೋಡಲು ಬಂದಾಗ ಅವರ ಹಿಂದೆಯೇ ಬಸ್ಸು ಹತ್ತಿಬಿಟ್ಟಿರಿ. ನೀವು ನನಗೆ ಬಿಟ್ಟುಹೋದ ಮಾತೆಂದರೆ ಹಾರ್ಮೋನಿಯಂ ಮುಟ್ಟಬೇಡ ಎನ್ನುವುದೊಂದೇ.

ನೀವು ಕಾಯುತ್ತಿರುವ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಸವಳಂಗದ ನಾಟಕ ಶನಿವಾರ ಆಯಿತು. ಚೆನ್ನಾಗಿಯೇ ಆಯಿತು. ನಿಮ್ಮ ಹೆಸರಿಗೆ ಕುಂದು ಬರಲಿಲ್ಲ. ಆದರೆ ಹೇಗೆ ಬರಲಿಲ್ಲ ಎನ್ನುವುದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳಿ. ಪೂರ್ತಿ ಓದುವ ತನಕ ಏಳಬೇಡಿ.

ನಿಮ್ಮ ಸುರುಳಿ ಬಂದ ದಿನವೇ ಪಾಪಣ್ಣ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಓಡಿಬಂದ. "ಅಕ್ಕಾ, ಮಾಸ್ತರ್ರು ಯಾವ ಮನೆ ಒತ್ತಾಕೆ ಬರೆದಾರೋ ತಿಳೀವಲ್ದು" ಎಂದ. ಹಜಾರದಲ್ಲಿ ಹಾಳೆಗಳನ್ನು ಹರಡಿದೆ. ಎಂದಿನಂತೆ ಹಾಡಿಗೊಂದು ಚಿತ್ರ: ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳು, ಒತ್ತಬೇಕಾದ ಮನೆಗೆ ಕೆಂಪು ಪೆನ್ಸಿಲು, ಮೇಲೆ ಒಂದು, ಎರಡು ಎಂದು ಅಂಕಿ. ಆದರೆ ಗೆರೆಗಳೆಲ್ಲ ಸೊಟ್ಟ. ಒಂದು ಮನೆಯ ಕೆಂಪು ಪಕ್ಕದ ಮನೆಗೂ ಹರಿದಿತ್ತು. ಸ್ಕೇಲು ಜಾರಿದ ಕಡೆ ಗೆರೆ ಹಾಳೆಯ ಅಂಚಿನವರೆಗೆ ಹೋಗಿತ್ತು. ಎಡಗೈಯಲ್ಲಿ ಬರೆದಿದ್ದೀರಿ. ಒಂದೊಂದು ಹಾಳೆಗೆ ಎಷ್ಟು ಹೊತ್ತು ಹಿಡಿಯಿತೋ, ಎಷ್ಟು ಹಾಳೆ ಹರಿದೆಸೆದಿರೋ. ಪಾಪಣ್ಣನ ಎದುರಿಗೇ ನನಗೆ ಅಳು ಬಂತು. ಅವನು ಕಂಡೂ ಕಾಣದವನಂತೆ ಸುಣ್ಣದ ಡಬ್ಬಿ ಹುಡುಕತೊಡಗಿದ.

ನೀವು ಮನೆಯಲ್ಲಿ ಗುನುಗಿದ್ದೆಲ್ಲ ನನ್ನ ಕಿವಿಯಲ್ಲಿದೆಯಲ್ಲ, ಅದನ್ನು ಹಿಡಿದು ಯಾವ ಕೆಂಪು ಯಾವ ಮನೆಯದು ಎಂದು ಬಿಡಿಸಿ ಹೇಳಿದೆ. ಅವನು ಸವಳಂಗಕ್ಕೆ ಹೋಗಿ, ತಾಲೀಮಿಗೆಂದು ಅಲ್ಲೇ ಇಟ್ಟಿದ್ದ, ಕಾಲಲ್ಲಿ ತಿದಿ ಒತ್ತುವ ನಿಮ್ಮ ಕಾಲು ಹಾರ್ಮೋನಿಯಂನ ಮನೆಗಳ ಮೇಲೆ ಗುರುತಿಗೆ ಕಾಗದದ ಚೂರುಗಳನ್ನು ಅಂಟಿಸಿಕೊಂಡನಂತೆ. ತಾಲೀಮು ನಡೆಯಿತು. ನಾನು ಮಾತ್ರ ನನ್ನ ಹಳೇ ಚಾಳಿಯಂತೆ ಎಲ್ಲ ಹಾಡುಗಳನ್ನೂ ನಾಟಕದ ಹ್ಯಾಂಡ್‌ಬಿಲ್ಲುಗಳ ಹಿಂದೆ ಸರಿಗಮದ ಅಕ್ಷರದಲ್ಲಿ ಬರೆದಿಟ್ಟುಕೊಂಡೆ. ಕೊನೆಯ ಅಂಕದಲ್ಲಿ ತಾಯಿ ಹಾಡುವ ಹಾಡಿನ ಹಾಳೆ ಮಾತ್ರ ಸುರುಳಿಯಲ್ಲಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಅಕ್ಷರಗಳನ್ನು ಕಂಡರೆ ನಿಮಗೆ ಮೊದಲಿಂದಲೂ ತಾತ್ಸಾರ. ಮದುವೆಯಾದ ಹೊಸದರಲ್ಲಿ ನಾನು ತವರಿನಲ್ಲಿ ಅಪ್ಪನ ಹತ್ತಿರ ಕಲಿತಂತೆ ಸ್ವರ ಬರೆದು ತೋರಿಸಿದರೆ ನಕ್ಕುಬಿಟ್ಟಿದ್ದಿರಿ. "ರಾಗ ಕಣ್ಣಿಗೆ ಕಾಣಬೇಕು ಕಣೆ. ಇದ್ರಾಗೆ ಏನೈತೆ? ಶಾಲೆ ಹುಡುಗ್ರು ಮಗ್ಗಿ ಬರೆದಂಗೈತೆ" ಎಂದಿರಿ. ನಿಮ್ಮ ಚಿತ್ರಗಳು ನೋಡಲು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಮನೆ ತಪ್ಪಿದರೆ ಹಾಳೆಗೆ ಹಾಳೆಯನ್ನೇ ಹರಿದು ಹೊಸದಾಗಿ ಗೆರೆ ಹಾಕುತ್ತಿದ್ದಿರಿ. ನಿಮ್ಮ ಹರಿದ ರಾಗಗಳನ್ನು ಹಂಡೆ ಒಲೆಗೆ ಹಾಕಿ ನಾನು ಎಷ್ಟು ನೀರು ಕಾಯಿಸಿದ್ದೇನೋ. ಆಗ ಅದು ನಮ್ಮಿಬ್ಬರ ತಮಾಷೆಯ ಜಗಳ. ಶನಿವಾರ ತಮಾಷೆಯಾಗಿ ಉಳಿಯಲಿಲ್ಲ.

ನಾನು ಶನಿವಾರ ಬೆಳಗಿನ ಬಸ್ಸಿಗೆ ಹೊರಟು, ಹೊನ್ನಾಳಿಯಲ್ಲಿ ಇಳಿದು ಹತ್ತಿ, ಮಧ್ಯಾಹ್ನಕ್ಕೆ ಸವಳಂಗ ಸೇರಿದೆ. ನಾಟಕ ನೋಡಿ ಬರೋಣ ಎಂದಷ್ಟೇ ಹೋದದ್ದು, ಬೇಕಾದರೆ ಆಣೆ ಹಾಕುತ್ತೇನೆ. ಬರೆದ ಹ್ಯಾಂಡ್‌ಬಿಲ್ಲುಗಳು ಕೈಚೀಲದಲ್ಲಿದ್ದವು ಎನ್ನುವುದೂ ನಿಜ. ದಾವಣಗೆರೆಯಿಂದ ಸೊಸೆ ಮತ್ತು ತಾಯಿ ಎರಡೂ ಪಾರ್ಟು ಮಾಡಲು ಬಂಗಾರಮ್ಮ ಬಂದಿದ್ದಳು. ಹೆಣ್ಣು ಪಾರ್ಟಿನವರು ನಾಟಕದ ದಿನವೇ ಬಂದು, ಒಂದು ತಾಲೀಮು ಮಾಡಿ, ಬಣ್ಣ ಹಚ್ಚುವುದು ನಮ್ಮ ಕಡೆಯ ವಾಡಿಕೆ ತಾನೆ. ಅವಳು ಬಂದವಳೇ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ನಂದು ಕಪ್ಪು ನಾಕು ರೀ. ಅದ್ರಿಂದ ಕೆಳಗಿಳಿದ್ರೆ ನಂಗೆ ದನಿ ಏಳಲ್ಲ" ಎಂದಳು.

ನಿಮ್ಮ ಚಿತ್ರಗಳೆಲ್ಲ ಮೊದಲ ಕಪ್ಪು ಮನೆಯನ್ನು ಸ ಎಂದು ಹಿಡಿದು, ಕಪ್ಪು ಒಂದರ ಶ್ರುತಿಗೆ ಬರೆದವು. ನಮ್ಮ ಗಂಡಸರ ದನಿಗೆ ಅದೇ ಸರಿ. ನೀವು ಕುಳಿತಿದ್ದರೆ ಯಾರ ಶ್ರುತಿಗೆ ಬೇಕಾದರೂ ಬೆರಳು ತಾನಾಗಿ ಸರಿಯುತ್ತಿತ್ತು, ಆದ್ದರಿಂದ ನಿಮಗೆ ಇದು ಹೊಳೆಯಲೇ ಇಲ್ಲ. ಪಾಪಣ್ಣ ಏನು ಮಾಡಬೇಕು? ಚೂರು ಅಂಟಿಸಿದ ಮನೆಗಳನ್ನೇ ಒತ್ತಿದ. ಬಂಗಾರಮ್ಮ ತನ್ನ ದಾರಿಯಲ್ಲಿ ಹಾಡಿದಳು, ಹಾರ್ಮೋನಿಯಂ ತನ್ನ ದಾರಿಯಲ್ಲಿ ಕೂಗಿತು. ನಾಟಕದ ಅಟ್ಟ ಕಟ್ಟುತ್ತಿದ್ದವರೂ ಕೆಲಸ ಬಿಟ್ಟು ನಕ್ಕರು. ಪಾಪಣ್ಣ ಚೂರುಗಳನ್ನು ಕಿತ್ತು ಬೇರೆ ಕಡೆ ಅಂಟಿಸಲು ಹೋದರೆ ಕಪ್ಪು ಬಿಳಿ ಸಾಲಿನ ಲೆಕ್ಕವೇ ಕೂಡದು. ಎಲ್ಲ ಹಾಡುಗಳನ್ನೂ ಹೊಸದಾಗಿ ಚಿತ್ರ ಬರೆಯಬೇಕು, ರಾತ್ರಿ ಪರದೆ ಏಳಬೇಕು. ಅವನು ಬೆವರಿ ಎದ್ದು ನಿಂತುಬಿಟ್ಟ.

ನಾಟಕ ಸಂಘದ ಮಹೇಶ್ವರಪ್ಪನವರು ಮೊದಲೇ ಸಿಡುಕರು. "ಸಾಕು ಬಿಡ್ರಪ. ಹೊನ್ನಾಳಿ ಮಾಸ್ತರ್ರಿಗೆ ಕಾರು ಕಳಸ್ತೀನಿ. ಷಣ್ಮುಖಪ್ಪೋರ ಕಾಲ ಮುಗೀತು ಅನ್ಕಳಿ" ಎಂದರು. ಸುತ್ತ ಹತ್ತೂರಿನ ಜನ ಬರುವ ನಾಟಕ. ಆ ಮಾಸ್ತರರು ಈ ಸಲ ನಿಮ್ಮ ಜಾಗದಲ್ಲಿ ಕುಳಿತರೆ ಬರುವ ವರ್ಷ ನ್ಯಾಮತಿ ಕಡೆಯ ಒಂದು ಹಳ್ಳಿಯವರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಕಾಲ ಮುಗಿಯಿತು ಎಂದದ್ದನ್ನು ನನ್ನ ಕಿವಿಯಿಂದ ಕೇಳಲಾಗಲಿಲ್ಲ. ನಾನು ಹೋಗಿ ಕುಳಿತೆ. ಹೌದು, ನಿಮ್ಮ ಹಾರ್ಮೋನಿಯಂ ಮುಟ್ಟಿದೆ. ಮುಟ್ಟಬೇಡ ಎಂದಿದ್ದು ನೆನಪಿದ್ದೇ ಮುಟ್ಟಿದೆ.

"ಹೆಣ್ಮಗಳು ಕುಂತ್ರೆ ಊರು ಏನಂತೈತೆ?" ಎಂದರು ಮಹೇಶ್ವರಪ್ಪನವರು. ನಾನು ಬಾಯಿ ತೆರೆಯುವ ಮೊದಲೇ ಬಂಗಾರಮ್ಮ, "ಯಾಕ್ರೀ, ನಾನು ಮ್ಯಾಲೆ ಕುಣಿಯಾಕೆ ಬೇಕು, ಆಯಮ್ಮ ಕೆಳಗೆ ಕುಂತು ಬಾರ್ಸಾಕೆ ಬ್ಯಾಡ್ವಾ? ಬಾರ್ಸಕ್ಕಾ ನೀನು" ಎಂದಳು. ನಾನು ಕಪ್ಪು ನಾಲ್ಕನ್ನು ಸ ಎಂದು ಹಿಡಿದೆ, ಹ್ಯಾಂಡ್‌ಬಿಲ್ಲಿನ ಅಕ್ಷರಗಳನ್ನು ನೋಡುತ್ತ ನುಡಿಸಿದೆ. ಅಕ್ಷರ ಒಂದೂ ಬದಲಾಗಬೇಕಾಗಲಿಲ್ಲ. ಗಂಡಸರು ಹಾಡುವಾಗ ಕಪ್ಪು ಒಂದಕ್ಕೆ ಇಳಿದೆ, ಆಗಲೂ ಅದೇ ಹಾಳೆ. ಬಂಗಾರಮ್ಮನಿಗೂ ಸ್ವರ ಓದಲು ಬರುತ್ತದೆ. ತಲೆ ಬಾಚಿ ಜಡೆ ಹಾಕಿಸಿಕೊಳ್ಳುತ್ತಲೇ ನನ್ನ ಹಾಳೆ ಹಿಡಿದು ಗುನುಗಿ ಕಲಿತುಬಿಟ್ಟಳು. ಒಂದು ಕಡೆ ನಾನು ತಪ್ಪು ಬರೆದಿದ್ದೆ, ಕಾಡಿಗೆ ಕಡ್ಡಿಯಿಂದ ಆ ಒಂದಕ್ಷರ ಹೊಡೆದು ಮೇಲೆ ಸರಿಯಾದದ್ದು ಬರೆದಳು, ಅಷ್ಟೇ.

ರಾತ್ರಿ ಮೊದಲ ಹಾಡಿಗೆ ನನ್ನ ಕಾಲು ಲಯ ಬಿಟ್ಟು ತಿದಿಯ ಗಾಳಿ ತಪ್ಪಿತು. ಯಾರೋ ಸಿಳ್ಳೆ ಹೊಡೆದರು. ಆಮೇಲೆ ನಾನು ಜನರ ಕಡೆ ನೋಡಲಿಲ್ಲ. ನೀವು ಒಮ್ಮೆ ಹೇಳಿದ್ದಿರಿ, ಮಾಸ್ತರನಿಗೆ ನಾಟಕ ಕಾಣುವುದಿಲ್ಲ, ಪಾತ್ರದವರ ಕಾಲು ಮಾತ್ರ ಕಾಣುತ್ತದೆ ಎಂದು. ನಿಜ. ಇಷ್ಟು ವರ್ಷ ನೀವು ಏನು ನೋಡುತ್ತಿದ್ದಿರಿ ಎನ್ನುವುದು ನನಗೆ ಈಗ ಗೊತ್ತಾಯಿತು. ನೀವು ಪಕ್ಕದಲ್ಲಿದ್ದು ಬೈದಿದ್ದರೂ ಚೆನ್ನಾಗಿರುತ್ತಿತ್ತು ಎನ್ನಿಸಿತು. ಕೊನೆಯ ಅಂಕದ ಹಾಡಿಗೆ ಜನ ಎದ್ದು ನಿಂತು ಒನ್ಸ್ ಮೋರ್ ಎಂದು ಕೂಗಿದರು. ಬಂಗಾರಮ್ಮ ಎರಡು ಸಲ ಹಾಡಿದಳು. ಮಹೇಶ್ವರಪ್ಪನವರು ನನ್ನ ಹತ್ತಿರ ಬಂದು, "ಮಾಸ್ತರ್ರು ಜಗಳೂರಾಗೆ ಇದ್ರೂ ಕೈಚಳಕ ಇಲ್ಲೇ ಐತೆ ಬಿಡವ್ವ. ಬರೋ ವರ್ಷನೂ ಅವ್ರೇ" ಎಂದರು. ಅವರು ಹಾಗೆಂದದ್ದು ಕೇಳಿ ಸಂತೋಷಪಡಬೇಕಿತ್ತು. ನಾನು ಹ್ಯಾಂಡ್‌ಬಿಲ್ಲುಗಳನ್ನು ಮಡಚಿ ಕೈಚೀಲಕ್ಕೆ ತುರುಕಿಕೊಂಡು ಬೇಗ ಎದ್ದುಬಿಟ್ಟೆ.

ಈಗ ನಮ್ಮ ಹಳೆಯ ಜಗಳಕ್ಕೆ ಬರುತ್ತೇನೆ. ಗೆಲ್ಲಬೇಕೆಂದಲ್ಲ. ಚಿತ್ರ ಬರೆಯಲು ಕೈ ಬೇಕು, ಸ್ಕೇಲು ಬೇಕು, ನೆಟ್ಟಗೆ ಗೆರೆ ಎಳೆಯಬೇಕು. ಅಕ್ಷರಕ್ಕೆ ಅದು ಯಾವುದೂ ಬೇಡ. ನೀವು ಮಂಚದ ಮೇಲೆ ಒರಗಿ ಸ, ರಿ, ಗ ಎಂದು ಬಾಯಲ್ಲಿ ಹೇಳಿದರೆ ಸಾಕು, ಅಕ್ಕ ಬರೆದುಕೊಳ್ಳುತ್ತಾರೆ. ಅವರಿಗೆ ಸಂಗೀತ ಗೊತ್ತಿರಬೇಕಾಗಿಲ್ಲ, ಕನ್ನಡ ಬರೆಯಲು ಬಂದರಾಯಿತು. ಒಂದು ಹಾಡು ಒಂದು ಕಾರ್ಡಿನಲ್ಲಿ ಹಿಡಿಯುತ್ತದೆ. ಅಂಚೆಯವನು ತಂದುಕೊಟ್ಟ ಮಧ್ಯಾಹ್ನವೇ ನಾನು ನುಡಿಸಿ ನೋಡಬಲ್ಲೆ. ಅಕ್ಷರಕ್ಕೆ ಎಲ್ಲವೂ ಸಿಕ್ಕುತ್ತದೆ ಎಂದು ನಾನೂ ಹೇಳುವುದಿಲ್ಲ. ಎರಡು ಸ್ವರಗಳ ನಡುವೆ ನೀವು ಬೆರಳು ಜಾರಿಸುತ್ತಿದ್ದ ರೀತಿ ನನಗೆ ಬರೆಯಲು ಬರಲಿಲ್ಲ. ಅದು ನಿಮ್ಮ ಚಿತ್ರದಲ್ಲೂ ಇರಲಿಲ್ಲ, ನಿಮ್ಮ ಕೈಯಲ್ಲಿತ್ತು.

ಆ ಕೈ ಮತ್ತೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದೇ ಬರುತ್ತದೆ ಎಂದು ಸಮಾಧಾನಕ್ಕೆ ಬರೆದರೆ ನೀವು ನಂಬುವುದಿಲ್ಲ. ನನಗೆ ಭಯವಾಗುತ್ತದೆ. ಕೈ ಹೋದದ್ದಕ್ಕಲ್ಲ, ಕೈಯ ಜೊತೆ ನೀವೂ ಹೋದಿರೇನೋ ಎಂದು. ಹಾಡು ಕಟ್ಟುತ್ತಿದ್ದದ್ದು ನಿಮ್ಮ ಬಲಗೈಯೇ? ಊಟಕ್ಕೆ ಕುಳಿತಾಗ, ಎಮ್ಮೆ ಕಟ್ಟುವಾಗ, ಗಡ್ಡ ಹೆರೆಯುವಾಗ ಎಲ್ಲ ಗುನುಗುತ್ತಿದ್ದಿರಲ್ಲ, ಆಗ ಹಾರ್ಮೋನಿಯಂ ಎಲ್ಲಿರುತ್ತಿತ್ತು? ಅಲ್ಲಿ ಈಗ ಗುನುಗುತ್ತೀರೋ ಇಲ್ಲವೋ ಎಂದು ಧರ್ಮಪ್ಪನನ್ನು ಕೇಳಿದೆ. ಅವನು ಟಿಕೆಟ್ ಚೀಲ ಸರಿಮಾಡಿಕೊಂಡು ಬೇರೆ ಮಾತಾಡಿದ.

ಯುಗಾದಿ ಮುಂದಿನ ವಾರ. ಬೇವು ಬೆಲ್ಲ ಒಬ್ಬಳೇ ತಿನ್ನಲಾರೆ. ತುತ್ತು ಬಾಯಿಗಿಡಬೇಡ ಎಂದರೆ ಇಡುವುದಿಲ್ಲ, ಎಡಗೈಯಲ್ಲೇ ತಿನ್ನಿ, ಚೆಲ್ಲಿದರೆ ಸಾರಿಸುತ್ತೇನೆ. ಬಾ ಎಂದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಅಕ್ಕನವರಿಗೆ ನನ್ನ ಶರಣು ತಿಳಿಸಿ.

ನೀವು ಉತ್ತರ ಬರೆದರೂ ಬರೆಯದಿದ್ದರೂ ನಿಮ್ಮವಳೇ ಆದ,
ರುದ್ರಾಣಿ

ತಾ.ಕ.: ಕೊನೆಯ ಅಂಕದ ಹಾಡಿನ ವಿಷಯ ಆಮೇಲೆ ಎಂದು ಬರೆದು, ಬರೆಯದೆಯೇ ಸಹಿ ಹಾಕಿಬಿಟ್ಟೆ. ನೀವು ಅದನ್ನು ಕಳಿಸಲೇ ಇಲ್ಲ, ಅದು ನಿಮಗೆ ಗೊತ್ತು. ಕಾದೆ. ಬರಲಿಲ್ಲ. ಹಾಗಾಗಿ ಆ ರಾಗ ನಾನೇ ಕಟ್ಟಿದೆ. ಹಾಳೆಯ ಮೇಲೆ ನಿಮ್ಮ ಹೆಸರು ಬರೆದೆ. ಪಾಪಣ್ಣನಿಗೂ ಬಂಗಾರಮ್ಮನಿಗೂ, ಮಾಸ್ತರರು ಅಂಚೆಯಲ್ಲಿ ಕಳಿಸಿದ್ದು ಎಂದು ಹೇಳಿದೆ. ಊರೆಲ್ಲ ನಿಮ್ಮದೆಂದೇ ತಿಳಿದಿದೆ, ಹಾಗೆಯೇ ತಿಳಿದಿರಲಿ, ಆದರೆ ನಿಮಗೆ ನಾನು ಸುಳ್ಳು ಹೇಳಲಾರೆ. ಆ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಎರಡನೆಯ ಸಾಲಿನ ಕೊನೆಗೆ ನಾನು ಗ ದಲ್ಲಿ ನಿಲ್ಲಿಸಿದ್ದೇನೆ. ಜನ ಏನೇ ಕೂಗಲಿ, ಅಲ್ಲಿ ನಿಲ್ಲಬಾರದು ಎನ್ನುವುದು ನನಗೆ ಗೊತ್ತು. ಎಲ್ಲಿ ನಿಲ್ಲಬೇಕು ಎನ್ನುವುದು ಗೊತ್ತಿಲ್ಲ. ನಿಮಗೆ ಗೊತ್ತಿರುತ್ತದೆ. ಆ ಒಂದಕ್ಷರ ಹೊಡೆದು ಮೇಲೆ ಬೇರೆ ಬರೆಸಿ ಕಳಿಸಿ. ಹಾಳೆ ಹರಿಯಬೇಡಿ.