ಗೆಡ್ಡೆ ಕರಗಿದ ಮೇಲೆ

ನ್ಯೂ ಬೆಡ್‌ಫರ್ಡ್,
ಗುರುವಾರ

ಡಾ. ಕೀನ್ ಅವರಿಗೆ ಫಿಲೊಮೆನಾ ಮಾಡುವ ವಂದನೆಗಳು.

ನಿಮ್ಮ ಪ್ರಯೋಗದ ಗುಳಿಗೆಯಿಂದ ನನ್ನ ಗಂಡ ಔರೆಲಿಯೊನ ಮೆದುಳಿನ ಗೆಡ್ಡೆ ಕಾಲುಭಾಗಕ್ಕೆ ಇಳಿದಿದೆ ಎಂದು ಮೊನ್ನೆ ನೀವು ಹೇಳಿದಾಗ ನಾನು ಅತ್ತೆ. ಸಂತೋಷಕ್ಕೆಂದು ತಿಳಿದು ನೀವು ನನ್ನನ್ನು ತಬ್ಬಿಕೊಂಡಿರಿ. ನನ್ನ ಪಕ್ಕೆಲುಬು ಮುರಿದಿತ್ತು.

ಮದುವೆಯಾಗಿ ಹತ್ತೊಂಬತ್ತು ವರ್ಷ ಅವನು ನನಗೆ ಹೊಡೆದ. ಗೆಡ್ಡೆ ಬಂದ ಮೇಲೆ ಕಣ್ಣು ಮಂಜಾಗಿ, ಮಾತು ಮೆತ್ತಗಾಯಿತು. ಎರಡು ವರ್ಷ ಕೈ ಎತ್ತಲಿಲ್ಲ. ಸಾರು ಕುಡಿಸಿದರೆ "ರುಚಿಯಾಗಿದೆ ಕಣೇ" ಎನ್ನುತ್ತಿದ್ದ.

ಈಗ ಅವನ ಕಣ್ಣು ತಿಳಿಯಾಗಿದೆ. ಭಾನುವಾರ ಕುದಿಯುವ ಸಾರಿನ ಪಾತ್ರೆಯನ್ನು ನನ್ನತ್ತ ಎಸೆದ, ಗುರಿ ತಪ್ಪಲಿಲ್ಲ; ಸುಟ್ಟ ತೋಳನ್ನು ನಿಮ್ಮೆದುರು ಬಟ್ಟೆಯಲ್ಲಿ ಮುಚ್ಚಿಕೊಂಡಿದ್ದೆ. ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಜಜ್ಜುತ್ತಾ, "ಎರಡು ವರ್ಷ ನನ್ನನ್ನ ಕೂಸು ಮಾಡಿಟ್ಟಿದ್ದೆ ಅಲ್ವೇನೇ? ಖುಷಿಯಾಗಿತ್ತಾ?" ಎಂದು ಕೇಳಿದ.

"ಆಗಿತ್ತು" ಎಂದೆ. ಅದಕ್ಕೆ ಕೆಳಗೆ ಕೆಡವಿ ಒದ್ದ.

ಸೋಮವಾರ ಬೆಳಿಗ್ಗೆ ಗುಳಿಗೆಯ ಡಬ್ಬಿಯನ್ನು ಕಸದ ಬುಟ್ಟಿಯ ಮೇಲೆ ಹಿಡಿದು ಬಹಳ ಹೊತ್ತು ನಿಂತಿದ್ದೆ. ಎಸೆದರೆ ಅವನು ಮತ್ತೆ ಮೆತ್ತಗಾಗುತ್ತಾನೆ, ಆಮೇಲೆ ಸಾಯುತ್ತಾನೆ. ನನ್ನಿಂದ ಆಗಲಿಲ್ಲ. ಹೊತ್ತಿಗೆ ಸರಿಯಾಗಿ ನುಂಗಿಸಿದೆ.

ದಯವಿಟ್ಟು ಗುಳಿಗೆ ನಿಲ್ಲಿಸಬೇಡಿ. ನಿಮ್ಮ ಕಡತದಲ್ಲಿ ಆರೈಕೆ ಮಾಡುವವರ ಜಾಗದಲ್ಲಿರುವ ನನ್ನ ಹೆಸರು ಹೊಡೆದುಹಾಕಿ ಅವನ ತಮ್ಮ ಝಕಾರಿಯಸ್‌ನ ಹೆಸರು ಬರೆಯಿರಿ, ಅವನು ಒಪ್ಪಿದ್ದಾನೆ. ನಾನು ಪೊಲೀಸರಿಗೆ ದೂರು ಕೊಟ್ಟು ಊರು ಬಿಡುತ್ತಿದ್ದೇನೆ. ಹೊಸ ವಿಳಾಸ ನಿಮಗೂ ಬೇಡ.

ಇನ್ನೊಂದು ಮಾತು. ಈ ಪ್ರಯೋಗಕ್ಕೆ ಯಾವಳಾದರೂ ಗಂಡನನ್ನು ಕರೆತಂದರೆ, ಅವಳೊಬ್ಬಳನ್ನೇ ಒಳಗೆ ಕೂರಿಸಿ, ಕಾಯಿಲೆಗೆ ಮುಂಚೆ ಅವನು ಹೇಗಿದ್ದ ಎಂದು ಕೇಳಿ.

ಇಂತಿ,
ಫಿಲೊಮೆನಾ